ನಮ್ಮ ಬೆಟ್ಟಕ್ಕೆ ಚೂಪು ತುದಿಯಿಲ್ಲ

ಮಾನ್ಯ ಸಂಪಾದಕರೆ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವೊಂದರಲ್ಲಿ, ಬೇಕಾದ ಚಿತ್ರವನ್ನು ಮೊಬೈಲ್ ಫೋನೇ ಕ್ಷಣದಲ್ಲಿ ತೆಗೆದುಕೊಡುವ, ಕೇಳಿದರೆ ತಾನೇ ರಚಿಸಿಯೂ ಕೊಡುವ ಈ ಕಾಲದಲ್ಲಿ ಪ್ರೌಢಶಾಲೆಗಳಿಗೆ ಚಿತ್ರಕಲಾ ಶಿಕ್ಷಕರು ಯಾಕೆ ಬೇಕು, ಆ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡಬಾರದೇಕೆ ಎಂದು ಕೇಳಲಾಗಿತ್ತು. ಪತ್ರ ಬರೆದವರಿಗೆ ಮಕ್ಕಳ ಮೇಲೆ ಕಾಳಜಿ ಇರುವುದು ಅವರ ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಅದನ್ನು ಕುಚೋದ್ಯವೆಂದು ತಳ್ಳಿಹಾಕದೆ, ಬೆಂಗಳೂರಿನ ಕಾಲೇಜೊಂದರಲ್ಲಿ ದೃಶ್ಯಕಲೆಯ ಪದವಿಯ ಮೂರನೆಯ ವರ್ಷದಲ್ಲಿ ಓದುತ್ತಿರುವ, ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯ ಹುಡುಗಿಯಾದ ನಾನು ನನಗೆ ತಿಳಿದ ಮಟ್ಟಿಗೆ ಉತ್ತರ ಕೊಡಲು ಬಯಸುತ್ತೇನೆ. ಪತ್ರ ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಹತ್ತನೆಯ ತರಗತಿ ಮುಗಿಯುವವರೆಗೆ ನಾನು ಬರೆದ ಪ್ರಕೃತಿ ಚಿತ್ರಗಳೆಲ್ಲವೂ ಒಂದೇ ಚಿತ್ರ. ಎರಡು ತ್ರಿಕೋನದ ಬೆಟ್ಟ, ಅವುಗಳ ಸಂದಿಯಲ್ಲಿ ಅರ್ಧ ಸೂರ್ಯ, ಸೂರ್ಯನ ಸುತ್ತ ಗೀಟುಗಳು, ಬೆಟ್ಟದ ಬುಡದಿಂದ ಹಾವಿನಂತೆ ಇಳಿದು ಬರುವ ನದಿ, ದಡದಲ್ಲಿ ಒಂದು ಗುಡಿಸಲು, ಪಕ್ಕಕ್ಕೆ ಬಾಗಿದ ಒಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಕೆಳಗೆ ‘ಸೂರ್ಯೋದಯ’ ಎಂದು ಬರೆದರೆ ಹತ್ತಕ್ಕೆ ಎಂಟು ಅಂಕ ಖಾತರಿಯಾಗಿ ಸಿಗುತ್ತಿತ್ತು. ನಮ್ಮ ತರಗತಿಯ ಕಿಟಕಿಯಿಂದ ಪಶ್ಚಿಮಕ್ಕೆ ನೋಡಿದರೆ ನಂದಿ ಬೆಟ್ಟವೂ ಅದರ ಅಕ್ಕಪಕ್ಕದ ಬೆಟ್ಟಗಳೂ ಸಾಲಾಗಿ ಕಾಣುತ್ತಿದ್ದವು. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಚೂಪಾದ ತುದಿ ಎಂಬುದೇ ಇಲ್ಲ. ಅದು ಬೋಳು ಬಂಡೆಯ, ದುಂಡು ಬೆನ್ನಿನ, ಮೇವು ಮುಗಿಸಿ ಮಲಗಿದ ಎತ್ತಿನಂತಹ ಬೆಟ್ಟ. ನಮ್ಮ ಕಡೆಯಿಂದ ನೋಡುವವರಿಗೆ ಸೂರ್ಯ ಅದರ ಹಿಂದೆ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ. ಇನ್ನು ನದಿಯ ವಿಚಾರ. ಪಿನಾಕಿನಿಯೂ ಅರ್ಕಾವತಿಯೂ ಹುಟ್ಟುವುದು ಇದೇ ಬೆಟ್ಟಗಳ ಆಸುಪಾಸಿನಲ್ಲಾದರೂ, ವರ್ಷವಿಡೀ ಹರಿಯುವ ನದಿಯೊಂದು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂಬುದು ಒಂದು ಕೊಡ ನೀರಿಗೆ ಕಾದು ಕೂತ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ನಲವತ್ತು ಮಕ್ಕಳಲ್ಲಿ ಒಬ್ಬರೂ ಕಿಟಕಿಯ ಕಡೆ ತಲೆ ತಿರುಗಿಸದೆ ಎರಡು ತ್ರಿಕೋನ ಬರೆದು, ನಡುವೆ ಸೂರ್ಯನನ್ನು ಹುಟ್ಟಿಸಿ, ನೀಲಿ ಬಣ್ಣದ ನದಿ ಹರಿಸಿ, ಅಂಕ ಪಡೆದು ಮನೆಗೆ ಹೋದೆವು.

ಇದರಲ್ಲಿ ಮಕ್ಕಳ ತಪ್ಪಿಗಿಂತ ಕಲಿಸಿದ ರೀತಿಯ ತಪ್ಪು ಹೆಚ್ಚು ಎಂದು ನನ್ನ ಅಭಿಪ್ರಾಯ. ಇಂತಹ ತರಗತಿ ಇದ್ದರೇನು ಬಿಟ್ಟರೇನು ಎಂದು ಪತ್ರ ಬರೆದವರು ಕೇಳಿದ್ದರೆ ನಾನೂ ಅವರ ಜೊತೆ ಸೇರುತ್ತಿದ್ದೆ. ಅವರು ಕೇಳಿರುವುದು ಬೇರೆ. ಚಿತ್ರಕಲೆಯ ಕೆಲಸ ಚಿತ್ರವನ್ನು ತಯಾರಿಸಿ ಕೊಡುವುದು, ಆ ಕೆಲಸವನ್ನು ಯಂತ್ರ ಮಾಡುವುದಾದರೆ ಮನುಷ್ಯ ಮಾಡಬೇಕಿಲ್ಲ ಎಂಬುದು ಅವರ ವಾದ. ಚಿತ್ರಕಲೆಯ ತರಗತಿಯಿಂದ ಬರುವುದು ಕಾಗದದ ಮೇಲಿನ ಚಿತ್ರವೊಂದೇ ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂಬುದನ್ನು ಚಂದ್ರಂಕಿಯ ಮೂಲಕ ಹೇಳುತ್ತೇನೆ.

ರೇಷ್ಮೆ ಗೊತ್ತಿಲ್ಲದ ಓದುಗರಿಗಾಗಿ ಒಂದು ಮಾತು. ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎಂದು ಹೆಸರು, ನಮ್ಮ ಬಾಯಲ್ಲಿ ಅದು ಚಂದ್ರಂಕಿ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ಚಾಪೆಯ ಮೇಲೆ ಮೂರು ಬೆರಳಗಲದ ಬಿದಿರು ಪಟ್ಟಿಯನ್ನು ನಿಲ್ಲಿಸಿ ಕಟ್ಟಿರುತ್ತಾರೆ. ನಾನು ಹುಟ್ಟಿದ ಮನೆಯಲ್ಲಿ ಇಂಥವು ಇಪ್ಪತ್ತಕ್ಕಿಂತ ಹೆಚ್ಚಿದ್ದವು. ಅವುಗಳ ನೆರಳಿನಲ್ಲಿ ಮಲಗಿದ್ದೇನೆ, ಅವುಗಳನ್ನು ಬಿಸಿಲಿಗೆ ಹೊತ್ತು ಹಾಕಿದ್ದೇನೆ, ಅವುಗಳಿಂದ ಗೂಡು ಬಿಡಿಸಿದ್ದೇನೆ. ಪದವಿಯ ಮೊದಲ ವರ್ಷದಲ್ಲಿ ಮನೆಯಲ್ಲಿರುವ ವಸ್ತುಗಳ ಐವತ್ತು ರೇಖಾಚಿತ್ರ ಬರೆದು ತರಬೇಕೆಂದು ಹೇಳಿದಾಗ, ಚಂದ್ರಂಕಿ ಸುಲಭವೆಂದು ಮೊದಲು ಅದನ್ನೇ ಆರಿಸಿಕೊಂಡು, ಕೋಣೆಯೊಳಗೆ ಕೂತು ನೆನಪಿನಿಂದಲೇ ಬರೆದು ಮುಗಿಸಿದೆ. ಒಂದರೊಳಗೊಂದು ಹತ್ತು ಹನ್ನೆರಡು ಬಳೆಗಳು, ಸುತ್ತ ಚೌಕಟ್ಟು. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, “ಇದೇನಮ್ಮ, ಬಳೆ ಜೋಡ್ಸಿದಂಗೆ ಬರ್ದಿದ್ದೀಯ? ಅದು ಒಂದೇ ಪಟ್ಟಿ ಕಣೆ, ನಡುವಿಂದ ಸುತ್ಕೊಂಡು ಬಂದೈತೆ” ಎಂದರು.

ಎದ್ದು ಹೋಗಿ ನೋಡಿದೆ. ಹೌದು, ಒಂದೇ ಪಟ್ಟಿ. ನಡುವಿನಲ್ಲಿ ಶುರುವಾಗಿ, ಸುರುಳಿಯಾಗಿ ಸುತ್ತುತ್ತಾ, ಅಂಚಿಗೆ ಬಂದು ನಿಲ್ಲುತ್ತದೆ. ಹದಿನೆಂಟು ವರ್ಷ ಕಣ್ಣೆದುರಿಗೇ ಇದ್ದ ವಸ್ತುವನ್ನು ನಾನು ಅಷ್ಟೂ ಕಾಲ ತಪ್ಪಾಗಿ ತಿಳಿದಿದ್ದೆ. ತಪ್ಪು ಬರೆಯದೇ ಹೋಗಿದ್ದರೆ ಅದು ತಪ್ಪೆಂದು ಗೊತ್ತಾಗುತ್ತಲೂ ಇರಲಿಲ್ಲ. ಆ ದಿನ ಮಧ್ಯಾಹ್ನ ಚಂದ್ರಂಕಿಯ ಮುಂದೆ ಕೂತು ಮತ್ತೆ ಬರೆಯಲು ಹಿಡಿದದ್ದು ಮೂರು ಗಂಟೆ. ಸುರುಳಿಯ ಎರಡು ಸುತ್ತುಗಳ ನಡುವಿನ ಜಾಗ ಎಲ್ಲ ಕಡೆಯೂ ಸುಮಾರಾಗಿ ಒಂದೇ ಅಳತೆಯದಾಗಿತ್ತು. ಯಾಕೆ ಹೀಗೆ ಎಂದು ಅಪ್ಪನನ್ನು ಕೇಳಿದೆ. ಹುಳು ಆ ಕಡೆಯ ಪಟ್ಟಿಗೂ ಈ ಕಡೆಯ ಪಟ್ಟಿಗೂ ಎಳೆ ಹಾಯಿಸಿ ಹಂದರ ಕಟ್ಟಿಕೊಂಡ ಮೇಲೆ ಅದರೊಳಗೆ ಗೂಡು ಕಟ್ಟುತ್ತದೆ, ಜಾಗ ಕಿರಿದಾದರೆ ಎರಡು ಹುಳು ಸೇರಿ ಜೋಡಿಗೂಡಾಗುತ್ತದೆ, ಅಗಲವಾದರೆ ಎಳೆ ಸಾಲದೆ ಹುಳು ಅಲೆದಾಡಿ ರೇಷ್ಮೆ ಹಾಳಾಗುತ್ತದೆ ಎಂದು ಅವರು ಹೇಳಿದರು. ರೇಷ್ಮೆ ಬೆಳೆಗಾರರ ಮಗಳಾಗಿ ನಾನು ಈ ಪ್ರಶ್ನೆ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು, ಅದೂ ಕೈಯಲ್ಲಿ ಪೆನ್ಸಿಲ್ ಇದ್ದುದರಿಂದ. ಚಂದ್ರಂಕಿಯ ಫೋಟೊ ನನ್ನ ಫೋನಿನಲ್ಲಿ ಆಗಲೇ ಹಲವು ಇದ್ದವು. ಅಕ್ಕನ ಮಗುವಿನ ನಾಮಕರಣದ ಫೋಟೊಗಳ ಹಿನ್ನೆಲೆಯಲ್ಲೆಲ್ಲ ಅವೇ. ಒಂದು ಫೋಟೊವೂ ನನಗೆ ಸುರುಳಿಯ ಸಂಗತಿ ತಿಳಿಸಿರಲಿಲ್ಲ.

ನಮ್ಮ ಭಾಷೆಯಲ್ಲಿ ಚಿತ್ರ ‘ಬರೆಯುವುದು’ ಎಂಬುದರ ಜೊತೆಗೆ ಚಿತ್ರ ‘ಬಿಡಿಸುವುದು’ ಎಂಬ ಮಾತೂ ಇದೆ. ಒಗಟು ಬಿಡಿಸುತ್ತೇವೆ, ಸಿಕ್ಕು ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಚಂದ್ರಂಕಿಯಿಂದ ಗೂಡು ಬಿಡಿಸುತ್ತೇವೆ. ಈ ಮಾತುಗಳ ಹುಟ್ಟು ಒಂದೆಯೋ ಅಲ್ಲವೋ ಎಂಬುದನ್ನು ಪಂಡಿತರು ಹೇಳಬೇಕು. ಕೈಗೆ ಮಾತ್ರ ಇವೆಲ್ಲವೂ ಒಂದೇ ಜಾತಿಯ ಕೆಲಸವೆನ್ನಿಸುತ್ತದೆ.

ಹೀಗೆ ವಸ್ತುಗಳನ್ನು ಬಿಡಿಸಿ ಬಿಡಿಸಿ ಅಭ್ಯಾಸವಾದ ಮೇಲೆ ಬೇರೆಯವರು ಮಾಡಿದ ಕಲಾಕೃತಿಗಳನ್ನು ನೋಡುವ ಬಗೆಯೂ ಬದಲಾಯಿತು. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ನಮ್ಮ ಮನೆಯವರು ವರ್ಷಕ್ಕೊಮ್ಮೆಯಾದರೂ ಹೋಗುತ್ತಾರೆ. ಚಿಕ್ಕಂದಿನಿಂದ ನಾನು ಅಲ್ಲಿ ಕಂಡಿದ್ದು ಕಲ್ಯಾಣಿ, ಕೋತಿ ಮತ್ತು ಪ್ರಸಾದ. ಎರಡನೆಯ ವರ್ಷದಲ್ಲಿ ಕಾಲೇಜಿನಿಂದ ಅಧ್ಯಯನಕ್ಕೆಂದು ಕರೆದೊಯ್ದಾಗ ನನಗೆ ಬಂದ ಪಾಲು ಗೋಡೆಯಲ್ಲಿರುವ ಕಲ್ಲಿನ ಜಾಲಂಧ್ರಗಳಲ್ಲಿ ಒಂದು. ಒಂದೇ ಚಪ್ಪಡಿಯನ್ನು ಕೊರೆದು, ಬಳ್ಳಿಯ ಸುತ್ತುಗಳನ್ನೂ ಅವುಗಳ ನಡುವೆ ಪುಟ್ಟ ಮೂರ್ತಿಗಳನ್ನೂ ಉಳಿಸಿಕೊಂಡು ಮಾಡಿದ ಕಿಟಕಿ ಅದು. ಒಂದು ಗಂಟೆ ಬರೆದ ಮೇಲೆ ನನ್ನ ಹಾಳೆಯಲ್ಲಿದ್ದುದು ಮದುವೆ ಕರೆಯೋಲೆಯ ಅಂಚಿನ ಬಳ್ಳಿಯಂತಹ ಸಪ್ಪೆ ಅಲಂಕಾರ. ನಮ್ಮ ಮೇಷ್ಟ್ರು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, “ಕಲ್ಲು ಬಿಡಮ್ಮ, ತೂತು ಬರಿ” ಎಂದು ಹೇಳಿ ಮುಂದೆ ಹೋದರು.

ಹೊಸ ಹಾಳೆ ತೆಗೆದು, ಬಳ್ಳಿಯನ್ನು ಮರೆತು, ಕಪ್ಪಾಗಿ ಕಾಣುವ ತೂತುಗಳನ್ನು ಮಾತ್ರ ಒಂದೊಂದಾಗಿ ತುಂಬುತ್ತಾ ಹೋದೆ. ಒಂದು ಹುಣಿಸೆಬೀಜದಂತೆ, ಇನ್ನೊಂದು ಹಿಡಿ ಮುರಿದ ಕುಡುಗೋಲಿನಂತೆ, ಮತ್ತೊಂದು ಆಕಾರವಿಲ್ಲದ ಆಕಾರ. ಅರ್ಧ ತುಂಬುವಷ್ಟರಲ್ಲಿ ನಾನು ಬರೆಯದೆ ಬಿಟ್ಟ ಬಿಳಿಯ ಜಾಗದಲ್ಲಿ ಬಳ್ಳಿ ತಾನಾಗಿಯೇ ಎದ್ದು ಬಂದಿತ್ತು, ಮೂರ್ತಿಯ ಮಡಿಸಿದ ಮಂಡಿಗೆ ಭಾರ ಬಂದಿತ್ತು. ಎಡಕ್ಕೂ ಬಲಕ್ಕೂ ಒಂದೇ ಎಂದುಕೊಂಡಿದ್ದ ಸುತ್ತುಗಳು ಒಂದೇ ಅಲ್ಲವೆಂಬುದೂ ಆಗಲೇ ಕಂಡಿತು. ಕೊರೆದವನು ತೆಗೆದದ್ದು ತೂತುಗಳನ್ನೇ ಅಲ್ಲವೆ? ಉಳಿಯ ಮೊನೆ ಓಡಾಡಿದ ದಾರಿಯಲ್ಲೇ, ಸಾವಿರಕ್ಕೂ ಹೆಚ್ಚು ವರ್ಷದ ನಂತರ, ನನ್ನ ಪೆನ್ಸಿಲ್ ಓಡಾಡುತ್ತಿತ್ತು.

ಈ ದೇವಾಲಯ ಒಬ್ಬರ ಕಾಲದ್ದಲ್ಲ, 9ನೆಯ ಶತಮಾನದಲ್ಲಿ ಆರಂಭವಾಗಿ ನೊಳಂಬರಿಂದ ವಿಜಯನಗರದವರೆಗೆ ಹಲವು ಆಳರಸರ ಕಾಲದಲ್ಲಿ ಬೆಳೆಯುತ್ತಾ ಬಂದದ್ದು ಎಂಬುದನ್ನು ಅಲ್ಲಿನ ಫಲಕವನ್ನು ಓದಿ ಯಾರಾದರೂ ತಿಳಿಯಬಹುದು. ನನಗೆ ಅದು ಮನದಟ್ಟಾದದ್ದು ಮಾತ್ರ ಮಧ್ಯಾಹ್ನದ ಮೇಲೆ. ಹಳೆಯ ಗುಡಿಯೊಳಗಿನ ದಪ್ಪ ಕಂಬವೊಂದನ್ನು ಇಪ್ಪತ್ತು ಗೆರೆಗಳಲ್ಲಿ ಹಿಡಿದವಳು, ಉಮಾಮಹೇಶ್ವರ ಗುಡಿಯ ಮುಂದಿನ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಕ್ಕೆ ಬಂದು ಕೂತಾಗ, ಸಂಜೆ ಬಾಗಿಲು ಹಾಕುವ ಹೊತ್ತಿಗೂ ಅದರ ಕಾಲುಭಾಗ ಮುಗಿದಿರಲಿಲ್ಲ. ಕಾಲ ಬದಲಾದದ್ದು, ಕಲ್ಲು ಬದಲಾದದ್ದು, ಕೆತ್ತುವವರ ಆಸೆ ಬದಲಾದದ್ದು ನನ್ನ ಬೆರಳುಗಳಿಗೆ ನೋವಿನಿಂದಲೇ ಗೊತ್ತಾಯಿತು. ನಾವು ಕೂತಿದ್ದ ಅಷ್ಟೂ ಹೊತ್ತು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದ ಜೋಡಿಗಳು ಅದೇ ಕಂಬಕ್ಕೆ ಒರಗಿ ನಿಂತು ಹೋಗುತ್ತಿದ್ದರು. ಅವರನ್ನು ದೂರುತ್ತಿಲ್ಲ, ನಾನೂ ಅಲ್ಲಿ ಸೆಲ್ಫಿ ತೆಗೆದುಕೊಂಡವಳೇ.

ಗೌರಿಬಿದನೂರು, ಬಾಗೇಪಲ್ಲಿಗಳ ಕಡೆಯಿಂದ ಗಡಿ ದಾಟಿದರೆ ಸಿಗುವ ಲೇಪಾಕ್ಷಿಯಲ್ಲಿ ನೋಡುವ ಕಷ್ಟ ಇನ್ನೊಂದು ಬಗೆಯದು. ವಿಜಯನಗರದ ಕಾಲದ, 16ನೆಯ ಶತಮಾನದ ಆ ವರ್ಣಚಿತ್ರಗಳಿರುವುದು ಮಂಟಪದ ಮಾಡಿನಲ್ಲಿ. ತಲೆಯೆತ್ತಿ ಹತ್ತು ನಿಮಿಷ ನೋಡಿದರೆ ಕತ್ತು ಸೆಟೆಯುತ್ತದೆ, ಆದ್ದರಿಂದ ಹೆಚ್ಚಿನವರು ತೂಗುಕಂಬದ ಕೆಳಗೆ ಬಟ್ಟೆ ಹಾಯಿಸಿ ನೋಡಿ ಬಂದುಬಿಡುತ್ತಾರೆ. ನಾವು ಮೂವರು ಗೆಳತಿಯರು ನೆಲದ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ರಟ್ಟು ಇಟ್ಟುಕೊಂಡು ಬರೆದೆವು. ಉದ್ದನೆಯ ಕುಲಾವಿ ತೊಟ್ಟ ಗಂಡಸರು, ಒಬ್ಬರ ಸೀರೆಯ ವಿನ್ಯಾಸ ಇನ್ನೊಬ್ಬರಿಗಿಲ್ಲದ ಹೆಂಗಸರು, ಕಾವಿಯ ಕೆಂಪಿನ ಮೇಲೆ ಕಪ್ಪು ಗೆರೆ. ಹಣೆಯಿಂದ ಮೂಗು, ಮೂಗಿನಿಂದ ತುಟಿ, ತುಟಿಯಿಂದ ಗಲ್ಲ, ಕುಂಚವನ್ನು ಎತ್ತದೆ ಎಳೆದಂತೆ ಕಾಣುವ ಆ ಪಕ್ಕನೋಟದ ಮುಖದ ಗೆರೆಯನ್ನು ನಕಲು ಮಾಡಲು ಹದಿನಾಲ್ಕು ಸಲ ಪ್ರಯತ್ನಿಸಿದೆ. ಹದಿನಾಲ್ಕೂ ಸಲ ಮೂಗಿನ ಹತ್ತಿರ ಕೈ ಹೆದರಿತು. ನಾನು ಮಲಗಿ, ಕಾಗದದ ಮೇಲೆ, ರಬ್ಬರ್ ಜೊತೆಗಿಟ್ಟುಕೊಂಡು ಬರೆಯುತ್ತಿದ್ದೆ; ಆ ಚಿತ್ರಕಾರರು ಅಟ್ಟಣಿಗೆಯ ಮೇಲೆ, ತಲೆಯ ಮೇಲಿನ ಗಾರೆಗೆ, ಬಣ್ಣ ಮುಖದ ಮೇಲೆ ತೊಟ್ಟಿಕ್ಕುವ ಭಯದಲ್ಲಿ ಬರೆದವರು. ಹದಿನಾಲ್ಕು ಸೋಲಿನ ನಂತರ ಆ ಮಾಡನ್ನು ನೋಡಿದ ನೋಟಕ್ಕೂ ಬಸ್ಸಿಳಿದು ಒಳಗೆ ಬಂದಾಗ ನೋಡಿದ ನೋಟಕ್ಕೂ ಸಂಬಂಧವೇ ಇರಲಿಲ್ಲ.

ಅಚ್ಚಾದ ಚಿತ್ರ ನೋಡಿದರೆ ಸಾಲದೆ, ಮೂಲಕೃತಿಯನ್ನೇ ಯಾಕೆ ನೋಡಬೇಕು ಎಂಬ ಪ್ರಶ್ನೆಯೂ ಆ ಪತ್ರದಲ್ಲಿ ಒಂದು ವಾಕ್ಯದಲ್ಲಿ ಬಂದುಹೋಗಿತ್ತು. ನಮ್ಮೂರಿನ ದರ್ಜಿಯ ಅಂಗಡಿಯಲ್ಲಿ ದೀಪ ಹಿಡಿದು ನಿಂತ ಮಹಿಳೆಯ ಕ್ಯಾಲೆಂಡರ್ ಚಿತ್ರವೊಂದು ಇತ್ತು. ಅದು ರವಿವರ್ಮನ ತೈಲಚಿತ್ರವೆಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲವನ್ನು ನೋಡಿದಾಗಲೇ ತಿಳಿದದ್ದು, ‘ಗ್ಲೋ ಆಫ್ ಹೋಪ್’ ಎಂದು ಹೆಸರಾದ ಆ ಚಿತ್ರ 1906ರಲ್ಲೇ ತೀರಿಕೊಂಡ ರವಿವರ್ಮನದಲ್ಲ, 1940ರ ದಶಕದಲ್ಲಿ ಎಸ್.ಎಲ್. ಹಳದಣಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು, ಮತ್ತು ಅದು ತೈಲವರ್ಣವಲ್ಲ, ಜಲವರ್ಣ ಎಂದು. ತೈಲವರ್ಣದಲ್ಲಿ ತಪ್ಪಾದರೆ ಅದರ ಮೇಲೆ ಇನ್ನೊಂದು ಲೇಪ ಕೊಡಬಹುದು. ತಿಳಿಯಾದ ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ, ಒಮ್ಮೆ ಮುಚ್ಚಿಹೋದರೆ ಹಿಂದಿರುಗಿ ಬರುವುದಿಲ್ಲ. ದೀಪಕ್ಕೆ ಮರೆಯಾಗಿ ಹಿಡಿದ ಕೈಯ ಬೆರಳುಗಳು ಅಂಚಿನಲ್ಲಿ ಕೆಂಪಗೆ ಹೊಳೆಯುವುದನ್ನು ಬರೆಯಲು ಕರೆಂಟು ಹೋದ ಎಷ್ಟೋ ರಾತ್ರಿ ಮೇಣದಬತ್ತಿಯ ಮುಂದೆ ನನ್ನದೇ ಕೈ ಹಿಡಿದು ಒದ್ದಾಡಿದವಳು ನಾನು. ಆ ಮೂಲದ ಮುಂದೆ ನಿಂತಾಗ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇಷ್ಟು ಬೆಳಕನ್ನು ಎಲ್ಲಿಯವರೆಗೆ, ಹೇಗೆ ಕಾಪಾಡಿಕೊಂಡು ಬಂದರು? ಕ್ಯಾಲೆಂಡರಿನಲ್ಲಿ ಆ ಬೆರಳುಗಳು ಕಿತ್ತಳೆ ಬಣ್ಣದ ಮುದ್ದೆ.

ನಮ್ಮ ನಾಡಿನ ಕಲಾವಿದರು ನೋಡುವುದಕ್ಕೆ ಎಷ್ಟು ಬೆಲೆ ಕೊಟ್ಟಿದ್ದರು ಎಂಬುದಕ್ಕೆ ಹೆಚ್ಚು ಹುಡುಕಬೇಕಿಲ್ಲ. ರೇಖೆಗೆ ಹೆಸರಾದ ಕೆ.ಕೆ. ಹೆಬ್ಬಾರರು (1911–1996) ಲಯವನ್ನು ಅರಿಯಲು ತಾವೇ ಕಥಕ್ ನೃತ್ಯ ಕಲಿತರು. ಪಕ್ಕದ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು (1910–1988) ಹೂಬಿಟ್ಟ ಮರಗಳನ್ನು ಬರೆಯಲು ಆ ಮರಗಳ ಎದುರಿಗೇ ಹೋಗಿ ನಿಲ್ಲುತ್ತಿದ್ದರು.

ಇಷ್ಟಾದರೂ ನೋಡಲು ಕೂತವರಿಗೆ ನಮ್ಮಲ್ಲಿ ಅಂಥ ಮರ್ಯಾದೆಯೇನಿಲ್ಲ. ಒಮ್ಮೆ ಕಲಾ ಗ್ಯಾಲರಿಯೊಂದರಲ್ಲಿ ಚೀಲದಿಂದ ಪುಸ್ತಕ, ಪೆನ್ಸಿಲ್ ತೆಗೆದು ಮೂಲೆಯಲ್ಲಿ ಕೂತ ಕೂಡಲೇ ಕಾವಲಿನವರು ಬಂದು, “ಇಲ್ಲಿ ಕೂತ್ಕೊಂಡು ಬರೆಯಂಗಿಲ್ಲ, ಬೇಕಾದ್ರೆ ಫೋಟೊ ತಗೊಂಡು ಹೋಗ್ರಿ” ಎಂದರು. ಬರೆಯುವುದರಿಂದ ಏನು ತೊಂದರೆ ಎಂದು ವಿನಯವಾಗಿಯೇ ಕೇಳಿದ್ದಕ್ಕೆ, ತುಂಬಾ ಹೊತ್ತು ಕೂರುತ್ತೀರಲ್ಲ ಎಂಬ ಉತ್ತರ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಹೇಳಿಕೊಟ್ಟದ್ದನ್ನು ಅವರು ಹೇಳಿದರು. ಆದರೆ ಚಿತ್ರದ ಮುಂದೆ ತುಂಬಾ ಹೊತ್ತು ಕೂರುವುದೇ ಅಪರಾಧವಾದರೆ ಚಿತ್ರವನ್ನು ತೂಗುಹಾಕಿರುವುದಾದರೂ ಯಾತಕ್ಕೆ ಎಂಬುದನ್ನು ಆಡಳಿತ ನಡೆಸುವವರು ಯೋಚಿಸಬೇಕು.

ಯಂತ್ರವೇ ಚಿತ್ರ ರಚಿಸಿಕೊಡುತ್ತದೆ ಎಂಬ ಮಾತಿಗೂ ಉತ್ತರ ಹೇಳದೆ ಪತ್ರ ಮುಗಿಸಿದರೆ ತಪ್ಪಿಸಿಕೊಂಡಂತಾಗುತ್ತದೆ. ತಮ್ಮನ ಫೋನಿನಲ್ಲಿ ಅಂತಹ ಸೌಲಭ್ಯವಿದೆ. ಚಿಕ್ಕಬಳ್ಳಾಪುರದಿಂದ ಕಾಣುವ ನಂದಿ ಬೆಟ್ಟದ ಚಿತ್ರ ಬರೆದುಕೊಡು ಎಂದು ಕನ್ನಡದಲ್ಲೇ ಕೇಳಿದೆವು. ಎಣಿಸಿದಂತೆ ಕೆಲವೇ ಕ್ಷಣಗಳಲ್ಲಿ ಬಂತು. ಚೂಪಾದ ಎರಡು ಶಿಖರ, ನಡುವೆ ಹುಟ್ಟುತ್ತಿರುವ ಸೂರ್ಯ, ಬುಡದಲ್ಲಿ ತುಂಬಿ ಹರಿಯುವ ನದಿ, ದಡದಲ್ಲಿ ತೆಂಗಿನಮರ. ಎಂಟನೆಯ ತರಗತಿಯಲ್ಲಿ ನಾನು ಬರೆದದ್ದನ್ನೇ ಯಾರೋ ನುಣುಪಾಗಿ ಉಜ್ಜಿ ಕೊಟ್ಟಂತಿತ್ತು. ಮುಂದೊಂದು ದಿನ ಅದು ಬೆಟ್ಟವನ್ನು ಸರಿಯಾಗಿಯೇ ಬರೆಯಬಹುದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಸರಿಯಾಗಿ ಬರೆದಿದೆಯೋ ತಪ್ಪಾಗಿ ಬರೆದಿದೆಯೋ ಎಂದು ಹೇಳಲು ಕಿಟಕಿಯಾಚೆ ಒಮ್ಮೆಯಾದರೂ ನೋಡಿದ ಮಗು ಬೇಕಲ್ಲ? ನನ್ನ ತಮ್ಮ, ಒಂಬತ್ತನೆಯ ತರಗತಿಯವನು, ದಿನವೂ ಆ ಬೆಟ್ಟದ ಕಡೆಗೆ ಸೈಕಲ್ ತುಳಿದು ಶಾಲೆಗೆ ಹೋಗುವವನು, ಚಿತ್ರ ನೋಡಿ “ಸೂಪರಾಗಿದೆ ಅಕ್ಕ” ಎಂದ. ಅವನ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಖಾಲಿಯಿದ್ದು, ಆ ಪೀರಿಯಡ್ಡಿನಲ್ಲಿ ಗಣಿತವೇ ನಡೆಯುತ್ತಿದೆ. ಅಂದರೆ ಪತ್ರ ಬರೆದವರು ಕೇಳುತ್ತಿರುವ ಸುಧಾರಣೆ ಅಲ್ಲಿ ಈಗಾಗಲೇ ಜಾರಿಯಲ್ಲಿದೆ.

ನನ್ನ ಕೋರಿಕೆ ದೊಡ್ಡದಲ್ಲ. ಖಾಲಿ ಹುದ್ದೆಗಳನ್ನು ತುಂಬುವವರೆಗೆ ಕಾಯದೆ, ಇರುವ ಶಿಕ್ಷಕರೇ ಯಾರಾದರೂ ವರ್ಷಕ್ಕೆ ಎರಡು ದಿನ ಮಕ್ಕಳನ್ನು ಊರಿನ ಹತ್ತಿರದ ಒಂದು ಹಳೆಯ ಗುಡಿಗೋ ಕೆರೆ ಏರಿಗೋ ದ್ರಾಕ್ಷಿ ಚಪ್ಪರಕ್ಕೋ ಕರೆದೊಯ್ದು, ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು, ಎದುರಿಗಿರುವ ಒಂದೇ ವಸ್ತುವನ್ನು ಎರಡು ಗಂಟೆ ಬರೆಸಲಿ. ಚೆನ್ನಾಗಿ ಬಂತೋ ಇಲ್ಲವೋ ಎಂದು ಅಂಕ ಕೊಡುವುದು ಬೇಡ, ಬರೆಯುವಾಗ ಹೊಸದಾಗಿ ಏನು ಕಂಡಿತು ಎಂದು ಪ್ರತಿ ಮಗುವನ್ನೂ ಕೇಳಿದರೆ ಸಾಕು. ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಗೈಡ್ ಪುಸ್ತಕದ ನಕಲು ಮಾಡಿಸುವುದಕ್ಕಿಂತ ಇದು ಪರೀಕ್ಷೆಯ ದೃಷ್ಟಿಯಿಂದಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಇದನ್ನು ಎರಡೂ ಪರೀಕ್ಷೆ ಬರೆದವಳಾಗಿ ಹೇಳುತ್ತಿದ್ದೇನೆ. ಹಾಗೆಯೇ ವಸ್ತು ಸಂಗ್ರಹಾಲಯ, ಗ್ಯಾಲರಿಗಳಲ್ಲಿ ಪೆನ್ಸಿಲಿನಿಂದ ಬರೆಯಲು ಅವಕಾಶವಿದೆ ಎಂಬ ಒಂದು ಸಾಲಿನ ಫಲಕವನ್ನು, ‘ಮುಟ್ಟಬಾರದು’ ಎಂಬ ಫಲಕದ ಪಕ್ಕದಲ್ಲೇ ಹಾಕಿಸಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಆ ಪತ್ರ ಬರೆದ ಹಿರಿಯರಿಗೂ ಒಂದು ಆಹ್ವಾನವಿದೆ. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಮಂದಿ ವಿದ್ಯಾರ್ಥಿಗಳು ನಂದಿ ದೇವಾಲಯದ ಶೃಂಗಿತೀರ್ಥದ ಮೆಟ್ಟಿಲುಗಳ ಮೇಲೆ ಕೂತು ಬರೆಯುತ್ತೇವೆ. ಅವರೂ ಬಂದು ಒಂದು ಕಂಬವನ್ನೋ ಒಂದು ಮೆಟ್ಟಿಲನ್ನೋ ಬರೆದು ನೋಡಬಹುದು. ಹಾಳೆ, ಪೆನ್ಸಿಲ್, ರಬ್ಬರ್ ನಾವೇ ತಂದಿರುತ್ತೇವೆ. ಹತ್ತು ಗಂಟೆಯ ಮೇಲೆ ಬಿಸಿಲು ಮೆಟ್ಟಿಲಿಗೆ ಬರುವುದರಿಂದ ಒಂದು ಟೋಪಿ ಮಾತ್ರ ಅವರು ತರಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಲಾ ವಿದ್ಯಾರ್ಥಿನಿ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ